ಆರನೇ ಪುಟದಲ್ಲಿ ಶಿಬಿರ

ಇಪ್ಪತ್ತಾರು ವರ್ಷ ನಾನು ದಿನಪತ್ರಿಕೆಯೊಂದರ ಆರನೇ ಪುಟ ನೋಡಿಕೊಂಡವಳು. ಆರನೇ ಪುಟವೆಂದರೆ ನಿಧನ ವಾರ್ತೆ. ನಮ್ಮ ಕಚೇರಿಯಲ್ಲಿ ಕ್ರೀಡಾ ಪುಟದವರು ಸೋತ ತಂಡವನ್ನು ಗೆಲ್ಲಿಸಿದ್ದುಂಟು, ಹವಾಮಾನ ಬರೆಯುವವರು ಸುಡುಬಿಸಿಲಿನ ದಿನ ಕೊಡೆ ಮರೆಯಬೇಡಿ ಎಂದದ್ದುಂಟು. ನಾನು ಮಾತ್ರ ಬದುಕಿದ್ದವರೊಬ್ಬರನ್ನೂ ಸಾಯಿಸಲಿಲ್ಲ. ನಿವೃತ್ತಿಯ ದಿನ ಇದನ್ನೇ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಜಂಬ ಕೊಚ್ಚಿಕೊಂಡವರ ಗತಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ನನಗೂ ಹಾಗೇ ಆಯಿತು, ಅದೂ ಕೆಲಸ ಬಿಟ್ಟು ಎರಡು ವರ್ಷವಾದ ಮೇಲೆ, ಒಂದು ಬೇಸಿಗೆ ಶಿಬಿರದ ಪ್ರಚಾರಕ್ಕೆ ಕೈ ಹಾಕಿ.

ಶಿಬಿರ ನನ್ನ ತಂಗಿಯದು. ಅವಳು ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ. ಐದು ವರ್ಷದಿಂದ ಬೇಸಿಗೆ ರಜೆಯಲ್ಲಿ ಕೆರೆ ದಂಡೆಯ ಹಳೆಯ ದೋಣಿಮನೆಯಲ್ಲಿ ಮಕ್ಕಳನ್ನು ಸೇರಿಸಿ ಮೂರು ವಾರ ಈಜು, ಹಗ್ಗದ ಗಂಟು, ಮರಗೆಲಸ ಕಲಿಸುತ್ತಾಳೆ. ಪ್ರತಿ ವರ್ಷ ಹತ್ತು ಹದಿನೈದು ಮಕ್ಕಳು ಬರುತ್ತಿದ್ದರು. ಪ್ರಚಾರವೆಂದರೆ ಅವಳ ಪಾಲಿಗೆ ಶಾಲೆಯ ಗೇಟಿಗೆ ಒಂದು ಕಾಗದ ಅಂಟಿಸುವುದು. ಗಾಳಿ ಬಂದರೆ ಅದೂ ಇಲ್ಲ. ಈ ಸಲ ಸರಿಯಾಗಿ ಯೋಜನೆ ಹಾಕಿ ಮಾಡೋಣ ಎಂದು ನನ್ನನ್ನು ಕರೆದಳು.

ಅವಳ ಮನೆ ನನ್ನ ಮನೆಯಿಂದ ಎರಡು ಬೀದಿ ಆಚೆ. ಹೋದಾಗ ಊಟದ ಮೇಜಿನ ತುಂಬ ಒಂದು ದೊಡ್ಡ ಹಾಳೆ ಹರಡಿತ್ತು. ಅದರ ಮೇಲೆ ಆರು ವಾರಗಳ ಚೌಕಗಳು. ಒಂದು ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದಕ್ಕೆ ಅವಳ ಸೀಟಿ, ಮೂರನೆಯದಕ್ಕೆ ಕತ್ತರಿ. ನಾಲ್ಕನೇ ಮೂಲೆಯನ್ನು ಅವಳ ಮಗಳು ಮೊಣಕೈಯಿಂದ ಒತ್ತಿ ಹಿಡಿದಿದ್ದಳು.

ಮಗಳಿಗೆ ಹತ್ತು ವರ್ಷ. ನೀರಿಗಿಳಿದರೆ ಮೇಲೆ ಬಾರದ ಕಾರಣ ಅವಳಿಗೆ ಕಪ್ಪೆ ಎಂದೇ ಹೆಸರು. ಆ ಹೆಸರಿಟ್ಟವನು ಅವಳ ಅಪ್ಪ. ಹೆಸರಿಟ್ಟು, ಈಜು ಕಲಿಸಿ, ನಾಲ್ಕು ವರ್ಷದ ಹಿಂದೆ ಹೆಂಡತಿಯ ಜೊತೆ ಜಗಳವಾಡಿಕೊಂಡು ಬಂದರಿನ ಊರಿಗೆ ಹೋದ. ಅಲ್ಲಿ ಕ್ರೇನ್ ನಡೆಸುತ್ತಾನೆ. ಬಸ್ಸಿನಲ್ಲಿ ಐದು ತಾಸಿನ ದಾರಿ. ಮೊದಮೊದಲು ವಾರಕ್ಕೊಂದು ಫೋನು, ಆಮೇಲೆ ತಿಂಗಳಿಗೊಂದು, ಆಮೇಲೆ ಮಗಳು ಹುಟ್ಟಿದ ದಿನಕ್ಕೊಂದು. ಈ ವರ್ಷ ಅದೂ ಬರಲಿಲ್ಲ. ನನಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಅವನ ಮದುವೆ ಫೋಟೋದಲ್ಲಿನ ಕೋಟನ್ನು ಕಂಡರೂ ಮೈ ಉರಿಯುತ್ತಿತ್ತು.

"ಪೋಸ್ಟರ್ ನಾನು ನೋಡ್ಕೋತೀನಿ," ಎಂದಳು ತಂಗಿ. "ಗ್ರಂಥಾಲಯ, ಬೇಕರಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕು. ರೇಡಿಯೋದಲ್ಲಿ ಐದು ನಿಮಿಷ ಮಾತಾಡೋಕೆ ಕರೆದಿದಾರೆ, ಅದೂ ನಾನೇ. ಪೇಪರ್ ನಿನ್ನ ಪಾಲು. ನಿನಗೆ ಅಲ್ಲಿ ಎಲ್ಲರೂ ಗೊತ್ತಲ್ಲ."

"ಎಲ್ಲರೂ ಗೊತ್ತು. ಅರ್ಧ ಜನ ಸತ್ತಿದಾರೆ, ನಾನೇ ಹಾಕಿದ್ದು," ಎಂದೆ.

"ಥೂ, ಬಿಡ್ತು ಅನ್ನು!"

ಪತ್ರಿಕೆಗೆ ಬರೀ 'ಶಿಬಿರ ನಡೆಯಲಿದೆ' ಎಂದು ಕೊಟ್ಟರೆ ಯಾರೂ ಓದುವುದಿಲ್ಲ, ಒಂದು ಮುಖ ಬೇಕು ಎಂದು ನಾನು ವಿವರಿಸಿದೆ. ಕಳೆದ ವರ್ಷ ಶಿಬಿರಕ್ಕೆ ಬಂದ ಒಂದು ಮಗುವಿನ ಫೋಟೋ, ಅದರ ಕೆಳಗೆ ಆ ಮಗುವಿನ ನಾಲ್ಕು ಮಾತು, ಆಮೇಲೆ ಶಿಬಿರದ ವಿವರ. ಯಾವ ಮಗು ಎಂದು ತಂಗಿ ಯೋಚಿಸುವಷ್ಟರಲ್ಲಿ ಕಪ್ಪೆ ಮೂಲೆಯಿಂದ ಮೊಣಕೈ ತೆಗೆದಳು. ಹಾಳೆ ಸುರುಳಿ ಸುತ್ತಿಕೊಂಡು ಉಪ್ಪಿನ ಡಬ್ಬಿಯನ್ನು ಉರುಳಿಸಿತು.

"ದೊಡ್ಡಮ್ಮಾ, ಆ ಪೇಪರ್ ಬಂದರಿನ ಊರಿಗೂ ಹೋಗುತ್ತಾ?"

"ಹೋಗುತ್ತೆ. ಬೆಳಿಗ್ಗೆ ಎಂಟಕ್ಕೆಲ್ಲ ಅಂಗಡಿಯಲ್ಲಿರುತ್ತೆ."

"ಹಾಗಾದ್ರೆ ನನ್ನ ಫೋಟೋ ಹಾಕು. ಅಪ್ಪ ನೋಡ್ತಾರೆ."

ಅಡುಗೆಮನೆಗೆ ನೀರು ತರುವ ನೆಪದಲ್ಲಿ ತಂಗಿ ನನ್ನನ್ನು ಕರೆದಳು. "ಆಸೆ ಹುಟ್ಟಿಸಬೇಡ ಅಕ್ಕಾ. ಹೋದ ವರ್ಷ ಕೊನೇ ದಿನದ ಕಾರ್ಯಕ್ರಮಕ್ಕೆ ಬನ್ನಿ ಅಂತ ಅವಳೇ ಕಾಗದ ಬರೆದಿದ್ಳು. ಒದ್ದೆ ಬಟ್ಟೆಯಲ್ಲಿ ಐದು ಗಂಟೆ ತನಕ ಮೆಟ್ಟಿಲ ಮೇಲೆ ಕೂತಿದ್ಳು. ಬಟ್ಟೆ ಬದಲಾಯಿಸೋಕೆ ಹೋದಾಗಲೇ ಅಪ್ಪ ಬಂದುಬಿಟ್ರೆ ಅಂತ. ಮತ್ತೆ ಅದನ್ನ ನೋಡೋಕೆ ನನ್ನ ಕೈಲಾಗಲ್ಲ."

ನಾನು ತಂಗಿಯ ಮಾತು ಕೇಳಬೇಕಿತ್ತು. ಆದರೆ ಈಚೆ ಬಂದರೆ ಆ ಹುಡುಗಿ ಚೆಲ್ಲಿದ ಉಪ್ಪನ್ನು ಅಂಗೈಗೆ ಬಳಿದುಕೊಳ್ಳುತ್ತ, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಎಂಥ ಕಲ್ಲಾದರೂ ಅಷ್ಟು ಕಲ್ಲಲ್ಲ. "ಆಯ್ತು ಕಪ್ಪೆ, ನಿನ್ನದೇ ಹಾಕ್ತೀನಿ. ಖಂಡಿತ ನೋಡ್ತಾರೆ," ಎಂದುಬಿಟ್ಟೆ.

ಮಾರನೇ ದಿನ ಕೂತು ಬರೆದೆ. 'ಕೆರೆಯನ್ನು ಈ ದಡದಿಂದ ಆ ದಡಕ್ಕೆ ದಾಟಿದ್ದ ಪುಟ್ಟ ಈಜುಗಾರ್ತಿ. ವಯಸ್ಸು ಹತ್ತು. ನೀರೆಂದರೆ ಪ್ರಾಣ. ಸದಾ ನಗುಮುಖ. ಕಳೆದ ಬೇಸಿಗೆಯಲ್ಲಿ ದೋಣಿಮನೆಯ ಶಿಬಿರದಲ್ಲಿ ತನಗಿಂತ ಚಿಕ್ಕವರಿಗೆ ಈಜು ಕಲಿಸಿ ಎಲ್ಲರ ಪ್ರೀತಿಗೆ ಪಾತ್ರಳಾಗಿದ್ದಳು.' ಇದಾದ ಮೇಲೆ ತಾಯಿಯ ಹೆಸರು, ಉದ್ಯೋಗ. ಅಪ್ಪನ ಹೆಸರನ್ನೂ ಹಾಕಬೇಕೆಂದು ಕಪ್ಪೆ ಹಟ ಹಿಡಿದಳು. ಹಾಕಿದೆ, ಬಂದರಿನಲ್ಲಿ ಕ್ರೇನ್ ಚಾಲಕ ಎಂದೂ ಸೇರಿಸಿದೆ. ಎಲ್ಲಕ್ಕಿಂತ ಕೆಳಗೆ ಶಿಬಿರದ ದಿನಾಂಕ, ಜಾಗ, ಹೆಸರು ನೋಂದಾಯಿಸುವ ಬಗೆ.

ತಂಗಿ ಪೋಸ್ಟರಿಗೆ ಬಣ್ಣ ಹಚ್ಚುತ್ತಲೇ ಓದಿ ನಕ್ಕಳು. "ಅಕ್ಕಾ, ಇದಕ್ಕೆ ಸುತ್ತ ಕಪ್ಪು ಗೆರೆ ಒಂದು ಕಮ್ಮಿ ನೋಡು."

"ನಿನ್ನ ಪೋಸ್ಟರಲ್ಲಿರೋ ದೋಣಿ ಚಪ್ಪಲಿ ಥರ ಇದೆ, ನಾನು ಏನಾದ್ರೂ ಅಂದ್ನಾ?" ಎಂದೆ. ಇಬ್ಬರೂ ನಕ್ಕೆವು. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕಳಿಸುತ್ತಾರಂತೆ. ಕಳಿಸಲಿ. ನಾನು ಫೋಟೋದ ಕೆರೆ, ಆಕಾಶ ಎಲ್ಲ ಕತ್ತರಿಸಿ ಮುಖ ಮಾತ್ರ ಉಳಿಸಿದೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ವಯಸ್ಸು ಬರೆದೆ, ಕಂದು ಲಕೋಟೆಗೆ ಹಾಕಿ ಪತ್ರಿಕೆಯ ಕಚೇರಿಗೆ ನಡೆದುಕೊಂಡೇ ಹೋದೆ. ಈಗ ಅಲ್ಲಿ ನನಗೆ ಸಲಿಗೆ ಇರುವುದು ಒಬ್ಬನ ಜೊತೆ ಮಾತ್ರ, ನನ್ನ ಶಿಷ್ಯನ ಜೊತೆ. ಎಂಟು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕಲಿತವನು. ನಾನು ಬಿಟ್ಟ ಮೇಲೆ ನನ್ನ ಕುರ್ಚಿಗೇ ಬಂದವನು. ಅವನು ಊಟಕ್ಕೆ ಹೋಗಿದ್ದ. ಸರಿಯಾದ ಪುಟಕ್ಕೆ ಅವನೇ ದಾಟಿಸುತ್ತಾನೆಂದು ಲಕೋಟೆಯನ್ನು ಅವನ ಮೇಜಿನ ಮೇಲಿಟ್ಟು ಬಂದೆ. ಒಂದು ಚೀಟಿ ಬರೆದಿಡಬೇಕೆಂದು ನನಗೆ ಹೊಳೆಯಲಿಲ್ಲ. ಒಳಗಿರುವುದನ್ನು ಓದಿದರೆ ತಿಳಿಯುವುದಿಲ್ಲವೇ ಎಂಬ ಧಿಮಾಕು.

ಶನಿವಾರ ಬೆಳಿಗ್ಗೆ ಆರೂವರೆಗೆ ಪತ್ರಿಕೆ ಬಂತು. ನಾನು ಯಾವಾಗಲೂ ಮೊದಲು ತೆಗೆಯುವುದು ಆರನೇ ಪುಟ. ಬೇರೆಯವರು ಊರಿನ ಸುದ್ದಿಗೆ ಮೊದಲ ಪುಟ ನೋಡುತ್ತಾರೆ, ನನಗೆ ಊರೆಂದರೆ ಅದೇ. ಟೀ ಲೋಟ ಕೈಯಲ್ಲಿತ್ತು. ಒಬ್ಬ ನಿವೃತ್ತ ಅಂಚೆಯವರು, ಒಬ್ಬ ಅಜ್ಜಿ, ಅವರಿಬ್ಬರ ನಡುವೆ ನಮ್ಮ ಕಪ್ಪೆ. ಹಲ್ಲು ಬಿಟ್ಟುಕೊಂಡು ನಗುತ್ತಿದ್ದಾಳೆ, ಸುತ್ತ ಕಪ್ಪು ಗೆರೆ. ನಾನು ಬರೆದದ್ದು ಅಕ್ಷರ ಬಿಡದೆ ಬಂದಿದೆ, ಅಪ್ಪನ ಹೆಸರಿನ ತನಕ. ಅದರ ಕೆಳಗಿನ ಶಿಬಿರದ ಸಾಲುಗಳಿಲ್ಲ.

ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ. ಶಿಷ್ಯನಿಗೆ ಫೋನ್ ಮಾಡಿದೆ.

"ಮೇಡಂ," ಎಂದ ಅವನು. "ನಿಮಗೆ ಹೇಗೆ ಸಮಾಧಾನ ಹೇಳಲಿ. ನಾನೇ ಬರ್ತಾ ಇದ್ದೆ."

"ಅಯ್ಯೋ ಪೆದ್ದಪ್ಪಾ, ಅವಳು ಬದುಕಿದಾಳೋ! ಅದು ಶಿಬಿರದ ಸುದ್ದಿ!"

"ಲಕೋಟೆ ಮೂಲೆ ಮಡಚಿತ್ತಲ್ಲ ಮೇಡಂ."

ಆಗ ನನಗೆ ಅರ್ಥವಾಯಿತು. ಸಾವಾದ ಮನೆಗೆ ಫೋನ್ ಮಾಡಿ ವಿವರ ಕೇಳಬಾರದು ಎಂಬುದು ನಮ್ಮ ಪುಟದ ಕಟ್ಟುನಿಟ್ಟು. ನಾನೇ ಖುದ್ದಾಗಿ ವಿಚಾರಿಸಿದ್ದೇನೆ, ಇನ್ನು ಯಾರೂ ಕೇಳಬೇಡಿ, ಹಾಗೇ ಹಾಕಿ ಎನ್ನುವುದಕ್ಕೆ ಲಕೋಟೆಯ ಬಲಮೂಲೆ ಮಡಚಿ ಕೊಡುವ ರೂಢಿ ತಂದವಳು ನಾನು. ಇಪ್ಪತ್ತಾರು ವರ್ಷ ಮಡಚಿದ ಬೆರಳು, ಮೊನ್ನೆಯೂ ನನಗೆ ಹೇಳದೆ ಕೇಳದೆ ಮಡಚಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಸಂಬಳಕ್ಕೆ ಕಲಿತದ್ದು, ಆದರೂ ಹೋಗಿರಲಿಲ್ಲ.

"ಶಿಬಿರದ ವಿಳಾಸ ಇತ್ತಲ್ಲೋ ಕೆಳಗೆ?"

"ಮಗುವಿನ ನೆನಪಿಗೆ ಶಿಬಿರ ಮಾಡ್ತಿದೀರಿ ಅಂದ್ಕೊಂಡೆ ಮೇಡಂ. ಜಾಗ ಸಾಲಲಿಲ್ಲ. ನೀವೇ ಹೇಳಿಕೊಟ್ಟಿದ್ದು, ಜಾಗ ಸಾಲದಿದ್ರೆ ಕೆಳಗಿಂದ ಕತ್ತರಿಸು ಅಂತ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದನಂತೆ. ಬಾಯಿಗೆ ಬಂದಂತೆ ಬೈಯಬೇಕೆಂದುಕೊಂಡೆ, ಆದರೆ ಬೈಗುಳ ತಿರುಗಿ ನನ್ನ ಮೇಲೇ ಬೀಳುತ್ತಿತ್ತು. ನಾಳೆ ಮೊದಲ ಪುಟದಲ್ಲೇ ತಿದ್ದುಪಡಿ ಹಾಕಿಸು ಎಂದು ಹೇಳಿ ತಂಗಿಯ ಮನೆಗೆ ಓಡಿದೆ. ಓಡಿದೆ ಎಂದರೆ ಈ ವಯಸ್ಸಿನ ಓಟ.

ನಾನು ತಲುಪುವ ಮೊದಲೇ ಬೇಕರಿಯವರು ತಲುಪಿದ್ದರು. ಬಾಗಿಲು ತೆರೆದವಳು ಕಪ್ಪೆಯೇ. ಅವಳನ್ನು ಕಂಡು ಆ ದಪ್ಪ ಮನುಷ್ಯ ಗೋಡೆ ಹಿಡಿದುಕೊಂಡು ಕೂತುಬಿಟ್ಟಿದ್ದರು. ಅವರ ಕೈಯಿಂದ ಪತ್ರಿಕೆ ಕಸಿದು ಕಪ್ಪೆ ಓದುತ್ತಿದ್ದಳು, ತಂಗಿ ಅವಳ ಹೆಗಲ ಮೇಲಿಂದ. ನಾನು ಮೆಟ್ಟಿಲ ಕೆಳಗೆ ತಪ್ಪಿತಸ್ಥಳಂತೆ ನಿಂತೆ.

"ಅಮ್ಮಾ, ನಾನು ಸತ್ತೋಗಿದೀನಿ!" ಎಂದು ಕಪ್ಪೆ ಕಿಸಕ್ಕನೆ ನಕ್ಕಳು. ಆಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿ, "ಅಪ್ಪನ ಹೆಸರು ಸರಿಯಾಗಿ ಬಂದಿದೆ," ಎಂದಳು.

ತಂಗಿ ನನ್ನ ಕಡೆ ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. "ಅವರು ನೋಡಿದ್ರೆ ಅಕ್ಕಾ?" ಎಂದಷ್ಟೇ ಕೇಳಿದಳು, ಮೆಲ್ಲಗೆ. ಫೋನ್ ತೆಗೆದುಕೊಂಡು ಒಳಗೆ ಹೋದಳು. ನಾಲ್ಕು ವರ್ಷದಲ್ಲಿ ಅವಳಾಗಿಯೇ ಆ ನಂಬರಿಗೆ ಮಾಡಿದ್ದು ಅದೇ ಮೊದಲು. ಗಂಟೆ ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಕ್ರೇನ್ ಹತ್ತುವವರು ಫೋನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹತ್ತಬೇಕಂತೆ. ಅರ್ಧ ತಾಸಿಗೊಮ್ಮೆ ಮಾಡಿದಳು. ಒಂಬತ್ತೂವರೆಗೆ ಬಂದರಿನ ಕಚೇರಿಯ ನಂಬರ್ ಹುಡುಕಿ ಮಾಡಿದರೆ, ಅಲ್ಲಿನ ಗುಮಾಸ್ತರು ಹೇಳಿದರು: ಯಾರೋ ಪೇಪರ್ ತೋರಿಸಿದರು, ಹೆಲ್ಮೆಟ್ ನೆಲಕ್ಕೆ ಹಾಕಿ ಹೋದರು, ಫೋನ್ ಪೆಟ್ಟಿಗೆಯಲ್ಲೇ ಇದೆ.

ಆ ಬೆಳಿಗ್ಗೆ ನಾನು ಅನುಭವಿಸಿದ ನಾಚಿಕೆಯನ್ನು ಶತ್ರುವಿಗೂ ಬಯಸುವುದಿಲ್ಲ. ಶಾಲೆಯ ಮುಖ್ಯ ಶಿಕ್ಷಕಿ ಬಂದರು, ಹಲ್ಲಿನ ಡಾಕ್ಟರು ಬಂದರು, ಕಳೆದ ವರ್ಷದ ಶಿಬಿರದ ಮಕ್ಕಳು ಅಪ್ಪ ಅಮ್ಮನ ಕೈ ಹಿಡಿದುಕೊಂಡು ಬಂದರು. ಪ್ರತಿಯೊಬ್ಬರಿಗೂ ನಾನು ಗೇಟಿನ ಹತ್ತಿರವೇ ನಿಂತು, ಅವಳಿದ್ದಾಳೆ, ಚೆನ್ನಾಗಿದ್ದಾಳೆ, ತಪ್ಪು ನನ್ನದು ಎಂದು ಒಪ್ಪಿಸಿದೆ. ಕೆಲವರು ನಕ್ಕರು, ಕೆಲವರು ನನ್ನ ಮುಖಕ್ಕೆ ಉಗುಳುವುದೊಂದು ಬಾಕಿ. ಮುಖ್ಯ ಶಿಕ್ಷಕಿ ಮಾತ್ರ ಕಪ್ಪೆಯನ್ನು ಅಪ್ಪಿಕೊಂಡು ಅತ್ತು, ಅತ್ತ ಮೇಲೆ, "ಶಿಬಿರ ಯಾವಾಗ?" ಎಂದು ಕೇಳಿದರು. ಕಪ್ಪೆ ಎಲ್ಲರಿಗೂ ದಿನಾಂಕ ಹೇಳಿ ಹೇಳಿ ಕಳಿಸುತ್ತಿದ್ದಳು. ಅವಳ ಕಣ್ಣು ಮಾತ್ರ ಬೀದಿಯ ತುದಿಯ ಬಸ್ ನಿಲ್ದಾಣದ ಕಡೆಗಿತ್ತು. ಎಂಟೂವರೆ ಬಸ್ಸು ಒಂದೂವರೆಗೆ ಬರುತ್ತದೆಂದು ಅವಳೇ ಲೆಕ್ಕ ಹಾಕಿದ್ದಳು.

ಬಸ್ಸು ಒಂದೂ ಮುಕ್ಕಾಲಿಗೆ ಬಂತು. ಅವನು ಇಳಿದ. ಕೆಲಸದ ಬಟ್ಟೆಯಲ್ಲೇ ಇದ್ದ, ಎದೆಯ ಮೇಲೆ ಹೊಳೆಯುವ ಹಳದಿ ಪಟ್ಟಿ. ಕೈಯಲ್ಲಿ ಏನೂ ಇರಲಿಲ್ಲ. ಮನೆಯ ಕಡೆ ನಾಲ್ಕು ಹೆಜ್ಜೆ ಬರುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ನಾಲ್ಕು ವರ್ಷದಿಂದ ಅವನಿಗೆಂದು ಕೂಡಿಟ್ಟಿದ್ದ ಮಾತುಗಳೆಲ್ಲ ನನ್ನ ನಾಲಿಗೆ ತುದಿಯಲ್ಲಿದ್ದವು. ಅವನ ನಡಿಗೆ ನೋಡಿ ಎಲ್ಲವನ್ನೂ ನುಂಗಿಕೊಂಡೆ.

"ಅಪ್ಪಾ!" ಎಂದು ಕಪ್ಪೆ ಗೇಟು ಹಾರಿ ಓಡಿದಳು.

ಅವನು ಬೀದಿಯ ನಡುವೆಯೇ ಮಂಡಿ ಊರಿ ಕುಸಿದ. ಅವಳನ್ನು ಹಿಡಿದುಕೊಳ್ಳಲಿಲ್ಲ, ಮೊದಲು ಮುಟ್ಟಿ ನೋಡಿದ: ಕೂದಲು, ಕೆನ್ನೆ, ಕಿವಿ, ಎರಡು ಕೈ. ಹಿಂದೆ ಬಂದ ಸೈಕಲ್ಲಿನವನೊಬ್ಬ ಬೈಯಲು ಬಾಯಿ ತೆರೆದು, ಸುಮ್ಮನೆ ಸುತ್ತಿಕೊಂಡು ಹೋದ.

"ಪೇಪರ್ ನೋಡಿದ್ಯಾ ಅಪ್ಪಾ? ಫೋಟೋ ಚೆನ್ನಾಗಿತ್ತಾ?"

ಅವನು ತಲೆಯಾಡಿಸಿದ. ನನ್ನ ತಂಗಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ನಾನು ಹೋಗಿ ಅವನ ತೋಳು ಹಿಡಿದು ಎಬ್ಬಿಸಿದೆ. "ತಪ್ಪು ನನ್ನದು. ಬನ್ನಿ, ನೀರು ಕುಡೀರಿ," ಎಂದೆ. ನಾನು ಅವನಿಗೆ ಇಷ್ಟು ಮೆತ್ತಗೆ ಮಾತಾಡಿದ್ದು ಮದುವೆಯ ದಿನವೂ ಇಲ್ಲ.

ಆ ಮಧ್ಯಾಹ್ನ ಕಪ್ಪೆ ಅವನನ್ನು ಕೆರೆಗೆ ಎಳೆದುಕೊಂಡು ಹೋದಳು. ನೀರಿನ ಹತ್ತಿರ ಮಗುವಿನ ಜೊತೆ ಒಬ್ಬರು ದೊಡ್ಡವರು ಇರಲಿ ಎಂದು ತಂಗಿ ನನ್ನನ್ನೂ ಕಳಿಸಿದಳು. ಅಪ್ಪನನ್ನು ಅವಳು ಇನ್ನೂ ದೊಡ್ಡವರ ಲೆಕ್ಕಕ್ಕೆ ಸೇರಿಸಿರಲಿಲ್ಲ. ಕಪ್ಪೆ ಈ ದಡದಿಂದ ಆ ದಡಕ್ಕೆ ಈಜಿದಳು, ತಿರುಗಿ ಬಂದಳು, ಮತ್ತೆ ಹೋದಳು. ನಾವಿಬ್ಬರೂ ದೋಣಿಮನೆಯ ಮೆಟ್ಟಿಲ ಮೇಲೆ ಕೂತಿದ್ದೆವು.

"ದಾರಿಯಲ್ಲಿ ಯಾರ ಹತ್ರ ಆದ್ರೂ ಫೋನ್ ಇಸ್ಕೊಂಡು ಮಾಡಬಹುದಿತ್ತು ಅಕ್ಕಾ," ಎಂದ ಅವನು. "ಧೈರ್ಯ ಬರಲಿಲ್ಲ. ಎತ್ತಿದವರು ಹೌದು ಅಂದ್ಬಿಟ್ರೆ? ಬಸ್ಸಲ್ಲಿ ಕೂತಿರೋ ತನಕ ಅದು ಸುಳ್ಳಾಗಬಹುದಲ್ವಾ, ಅಂತ."

"ಹುಟ್ಟಿದ ದಿನಕ್ಕೂ ಫೋನ್ ಮಾಡಲಿಲ್ಲ ನೀವು."

"ಎರಡು ದಿನ ತಡ ಆಗಿತ್ತು. ನಾಚಿಕೆ ಆಯ್ತು. ಆಮೇಲೆ ವಾರ ಆಯ್ತು, ಇನ್ನೂ ನಾಚಿಕೆ." ಅವನು ಮುಖ ಒರೆಸಿಕೊಂಡ. "ಇನ್ನು ಮೇಲೆ ಹಾಗಾಗಲ್ಲ. ಶಿಬಿರದ ಕೊನೇ ದಿನ ಬಂದೇ ಬರ್ತೀನಿ. ಅವಳ ಆಣೆ."

"ಅವಳ ಮೇಲೆ ಆಣೆ ಬೇಡ, ನಿಮ್ಮ ಮೇಲೆ ಇಟ್ಕೊಳ್ಳಿ," ಎಂದೆ. ಆದರೂ ನಂಬಿದೆ. ಆ ದಿನ ಅವನನ್ನು ನೋಡಿದ ಯಾರಾದರೂ ನಂಬುತ್ತಿದ್ದರು. ಹೊರಡುವಾಗ ಮಗಳಿಗೂ ಅದೇ ಮಾತು ಕೊಟ್ಟು ಆರು ಗಂಟೆಯ ಬಸ್ಸು ಹತ್ತಿದ. ಬಸ್ಸು ತಿರುವು ದಾಟುವ ತನಕ ಅವನ ಕೈ ಕಿಟಕಿಯ ಹೊರಗೇ ಇತ್ತು.

ಭಾನುವಾರ ಪತ್ರಿಕೆಯ ಮೊದಲ ಪುಟದಲ್ಲಿ ಚೌಕಟ್ಟು ಹಾಕಿ ಬಂತು: ಬಾಲಕಿ ಕ್ಷೇಮ, ಸುದ್ದಿ ತಪ್ಪು, ವಿಷಾದ. ಶಿಷ್ಯ ಪಾಪ ಪ್ರಾಯಶ್ಚಿತ್ತವೆಂದು ಶಿಬಿರದ ಅಷ್ಟೂ ವಿವರವನ್ನು ಅದರೊಳಗೇ ತುರುಕಿದ್ದ. ಹತ್ತು ಜನ ಪ್ರಚಾರಕರು ಮಾಡದ ಕೆಲಸವನ್ನು ಆ ಚೌಕಟ್ಟು ಮಾಡಿತು. ರೇಡಿಯೋದವರು ತಂಗಿಗೆ ಐದು ನಿಮಿಷದ ಬದಲು ಇಪ್ಪತ್ತು ನಿಮಿಷ ಕೊಟ್ಟರು. ಕಪ್ಪೆಯನ್ನೂ ಕೂರಿಸಿ, ಸತ್ತಾಗ ಹೇಗನ್ನಿಸಿತು ಎಂದು ಕೇಳಿದರು. "ಏನೂ ಅನ್ನಿಸ್ಲಿಲ್ಲ, ನಾನು ಹಲ್ಲುಜ್ಜುತಾ ಇದ್ದೆ," ಎಂದಳು. ಊರಿಗೆ ಊರೇ ನಕ್ಕಿತು. ಶಿಬಿರ ಆರಂಭವಾದ ದಿನ ಮೂವತ್ತೊಂಬತ್ತು ಮಕ್ಕಳು ದೋಣಿಮನೆಯ ಮುಂದೆ ಸಾಲುಗಟ್ಟಿದ್ದರು. ತಂಗಿಯ ಸೀಟಿಯ ಸದ್ದು ನನ್ನ ಮನೆಯ ತನಕ ಕೇಳುತ್ತಿತ್ತು.

ಆ ಮೂರು ವಾರ ಕಪ್ಪೆ ಪ್ರತಿ ಸಂಜೆ ಕ್ಯಾಲೆಂಡರಿನಲ್ಲಿ ಒಂದೊಂದು ದಿನ ಹೊಡೆದು ಹಾಕಿದಳು. ಅಪ್ಪ ಎರಡು ಸಲ ಫೋನ್ ಮಾಡಿದ. ಕೊನೆಯ ದಿನಕ್ಕೆ ಅವಳು ಒಂದು ಹೊಸ ಆಟ ಕಲಿತಿದ್ದಳು, ನೀರಿನಡಿಯಲ್ಲಿ ಮುಳುಗಿ ಏಳು ಬಣ್ಣದ ಕಲ್ಲುಗಳನ್ನು ಒಂದೇ ಉಸಿರಿಗೆ ಹೆಕ್ಕಿ ತರುವುದು. ಅದು ಅಪ್ಪನಿಗೆ ಗುಟ್ಟು. ಎದುರು ಸಾಲಿನ ಮಧ್ಯದ ಕುರ್ಚಿಯ ಮೇಲೆ ಒಂದು ಟವೆಲ್ ಹಾಸಿ ಕಾದಿರಿಸಿದ್ದಳು.

ಒಂದೂವರೆಯ ಬಸ್ಸು ಬಂತು, ಅವನು ಇಳಿಯಲಿಲ್ಲ. ನಾಲ್ಕರ ಬಸ್ಸೂ ಬಂತು. ಕಾರ್ಯಕ್ರಮ ಅರ್ಧ ತಾಸು ತಡ ಮಾಡಿ, ಬೇರೆ ತಾಯಿ ತಂದೆಯರು ಗೊಣಗತೊಡಗಿದ ಮೇಲೆ ತಂಗಿ ಸೀಟಿ ಊದಿದಳು. ಅಷ್ಟರಲ್ಲಿ ಅವಳ ಫೋನಿಗೆ ಸಂದೇಶ ಬಂದಿತ್ತು. ನನಗೆ ತೋರಿಸಿದಳು: ಹಡಗು ಬಂದಿದೆ, ರಜೆ ಸಿಗಲಿಲ್ಲ, ಮುಂದಿನ ಸಲ ಖಂಡಿತ, ಕಪ್ಪೆಗೆ ಹೇಳು ಚೆನ್ನಾಗಿ ಈಜಲಿ. ಹೆಲ್ಮೆಟ್ ನೆಲಕ್ಕೆ ಹಾಕಿ ಬಂದ ದಿನ ಅವನಿಗೆ ಯಾರು ರಜೆ ಕೊಟ್ಟಿದ್ದರು ಎಂದು ನನಗೆ ಕೇಳಬೇಕೆನಿಸಿತು. ಕಪ್ಪೆ ಏಳು ಕಲ್ಲನ್ನೂ ತಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಟವೆಲನ್ನು ಕುರ್ಚಿಯಿಂದ ತೆಗೆದು ತಲೆ ಒರೆಸಿಕೊಂಡಳು. ಅಳಲಿಲ್ಲ, ನನಗೇ ಅಳು ಬಂತು.

ಎರಡು ದಿನ ಬಿಟ್ಟು ಮುಂದಿನ ವರ್ಷದ ಮಾತಿಗೆ ಮತ್ತೆ ಅದೇ ಮೇಜಿಗೆ ಸೇರಿದೆವು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಹಾಳೆಯ ಮೇಲೆ ಬಿದ್ದಿತ್ತು. ಪ್ರತಿ ಮಗುವಿನ ಅರ್ಜಿಯಲ್ಲೂ 'ಶಿಬಿರದ ವಿಷಯ ಹೇಗೆ ತಿಳಿಯಿತು' ಎಂಬ ಪ್ರಶ್ನೆಯಿತ್ತು. ತಂಗಿ ಒಂದೊಂದಾಗಿ ಓದುತ್ತಿದ್ದಳು, ನಾನು ಗೆರೆ ಎಳೆಯುತ್ತಿದ್ದೆ.

"ರೇಡಿಯೋ ನಾಲ್ಕು. ಪೋಸ್ಟರ್ ಒಂಬತ್ತು. ಬಾಕಿ ಇಪ್ಪತ್ತಾರು ಜನ ಪೇಪರ್. ಕೇಳು ಅಕ್ಕಾ, ಒಬ್ರು ಬರೆದಿದಾರೆ, 'ತೀರಿಕೊಂಡ ಹುಡುಗಿಯಿಂದ ತಿಳಿಯಿತು'."

"ಸರಿಯಾಗೇ ಬರೆದಿದಾರೆ," ಎಂದೆ. "ಮುಂದಿನ ವರ್ಷ ಪೇಪರಿಗೆ ನಾನು ಬೇಡ ಮಾರಾಯ್ತಿ. ನೀನೇ ಕೊಡು. ಬೇರೆ ಮಗುವಿನ ಫೋಟೋ ಹಾಕು."

"ಯಾಕೆ?" ಎಂದಳು ಕಪ್ಪೆ. ಇಷ್ಟು ಹೊತ್ತು ಮೇಜಿನ ಕೆಳಗೆ ಕೂತು ಹಗ್ಗಕ್ಕೆ ಗಂಟು ಹಾಕುತ್ತಿದ್ದವಳು ತಲೆ ಹೊರಹಾಕಿದಳು. "ನನ್ನದೇ ಹಾಕು ದೊಡ್ಡಮ್ಮಾ. ಆರನೇ ಪುಟದಲ್ಲೇ ಹಾಕ್ಸು."

"ಅಯ್ಯೋ ಕಪ್ಪೆ, ಒಂದ್ಸಲ ಆಗಿದ್ದು ಸಾಲದಾ?" ಎಂದು ನಕ್ಕೆ.

"ಅಲ್ಲಿ ಹಾಕಿದ್ರೆ ಅಪ್ಪ ಬರ್ತಾರಲ್ಲ."

ತಂಗಿ ಕೈಯಲ್ಲಿದ್ದ ಅರ್ಜಿಗಳನ್ನು ಕೆಳಗಿಟ್ಟಳು. ಹುಡುಗಿ ನಮ್ಮಿಬ್ಬರ ಮುಖವನ್ನೂ ನೋಡಿದಳು. ನಾವು ಒಪ್ಪುತ್ತಿಲ್ಲವೆಂದು ಅವಳಿಗನ್ನಿಸಿರಬೇಕು, ಸಮಾಧಾನದ ದನಿಯಲ್ಲಿ ಹೇಳಿದಳು:

"ಶಿಬಿರದ ಕೊನೇ ದಿನ ಬೆಳಿಗ್ಗೆ ಹಾಕ್ಸು. ಮಾರನೇ ದಿನ ತಪ್ಪಾಯ್ತು ಅಂತ ಹಾಕಿದ್ರಾಯ್ತು."